ಬಳ್ಳಾರಿಯ ಬೆಟ್ಟಗಳಲ್ಲಿ ಪಳೆಯುಳಿಕೆ ಸಿಗುತ್ತದೆಯೇ? ಕಡಲ ದಂಡೆಯ ನಿಯಮ ಇಲ್ಲಿ ತಲೆಕೆಳಗು

ಅಮೆರಿಕದ ಮೇರಿಲ್ಯಾಂಡ್ ರಾಜ್ಯದಲ್ಲಿ ಕ್ಯಾಲ್ವರ್ಟ್ ಕ್ಲಿಫ್ಸ್ ಎಂಬ ಉದ್ಯಾನವಿದೆ. ಕಾಡಿನೊಳಗೆ ಮೂರು ಕಿಲೋಮೀಟರ್‌ಗೆ ತುಸು ಕಡಿಮೆ ನಡೆದರೆ ಮರಳ ದಂಡೆ ಸಿಗುತ್ತದೆ. ಅಲ್ಲಿ ಮಕ್ಕಳು ಜರಡಿ ಹಿಡಿದು ಮರಳು ಸೋಸುತ್ತಾರೆ, ಲಕ್ಷಾಂತರ ವರ್ಷ ಹಳೆಯ ಶಾರ್ಕ್ ಹಲ್ಲುಗಳನ್ನು ಆರಿಸಿ ಮನೆಗೆ ಒಯ್ಯುತ್ತಾರೆ. ಅದಕ್ಕೆ ಅಲ್ಲಿ ಅನುಮತಿ ಇದೆ. ಇಂಥ ವಿಡಿಯೊಗಳನ್ನು ನೋಡಿದವರಿಗೆ ಸಹಜವಾಗಿ ಒಂದು ಪ್ರಶ್ನೆ ಏಳುತ್ತದೆ: ನಮ್ಮ ಸುತ್ತಲೂ ಇಷ್ಟೊಂದು ಹಳೆಯ ಬೆಟ್ಟಗಳಿವೆಯಲ್ಲ, ಬಳ್ಳಾರಿ, ಕುರುಗೋಡು, ಸಿರುಗುಪ್ಪದ ಕಡೆ ಭಾನುವಾರ ಒಂದು ಸುತ್ತು ಹೋದರೆ ನಮಗೂ ಏನಾದರೂ ಸಿಗಬಹುದೇ?

ಚಿಕ್ಕ ಉತ್ತರ: ಈ ಬಂಡೆಗಳಲ್ಲಿ ಪಳೆಯುಳಿಕೆ ಸಿಗುವುದಿಲ್ಲ. ಆದರೆ ಪಳೆಯುಳಿಕೆಯಷ್ಟೇ ಬೆಲೆಬಾಳುವ ಬೇರೊಂದು ಸಂಗತಿ ಕಾಲಡಿಯಲ್ಲೇ ಬಿದ್ದಿರುತ್ತದೆ. ಅದನ್ನು ಎತ್ತಿಕೊಳ್ಳಬಾರದು. ಕಡಲ ದಂಡೆಯಲ್ಲಿ ಆರಿಸಿಕೊಂಡರೆ ಉಳಿಯುತ್ತದೆ, ಇಲ್ಲಿ ಆರಿಸಿಕೊಂಡರೆ ಅಳಿಯುತ್ತದೆ. ಹೀಗೇಕೆ ಎಂಬುದನ್ನು ಒಂದೊಂದಾಗಿ ನೋಡೋಣ.

ಕಡಲ ದಂಡೆಯಲ್ಲೇ ಪಳೆಯುಳಿಕೆ ಏಕೆ ಹೆಚ್ಚು?

ಪಳೆಯುಳಿಕೆ ಆಗಬೇಕಾದರೆ ಸತ್ತ ಜೀವಿ ಬೇಗ ಹೂತುಹೋಗಬೇಕು. ಗಾಳಿ, ಬಿಸಿಲು, ನಾಯಿನರಿಗಳ ಬಾಯಿಗೆ ಸಿಗದಂತೆ ಕೆಸರೋ ಮರಳೋ ಅದನ್ನು ಮುಚ್ಚಬೇಕು. ಆಳವಿಲ್ಲದ ಕಡಲ ತಳ ಇದಕ್ಕೆ ಹೇಳಿಮಾಡಿಸಿದ ಜಾಗ. ಪದರದ ಮೇಲೆ ಪದರ ಕೂತು, ಒತ್ತಡಕ್ಕೆ ಗಟ್ಟಿಯಾಗಿ, ಕೊನೆಗೆ ಸುಣ್ಣಕಲ್ಲು, ಮರಳುಗಲ್ಲು, ಜೇಡಿಗಲ್ಲುಗಳಾಗುತ್ತವೆ. ಪಳೆಯುಳಿಕೆಗಳ ಬಹುಪಾಲು ಇರುವುದು ಇಂಥ ಪದರಶಿಲೆಗಳಲ್ಲೇ.

ಮುಂದೆ ನೆಲ ಮೇಲೆದ್ದು ಆ ಪದರಗಳು ಇಂದಿನ ಕಡಲಂಚಿನ ಗೋಡೆಗಳಾಗಿ ನಿಂತರೆ ಅಲೆಗಳು ಕೆಲಸ ಶುರುಮಾಡುತ್ತವೆ. ಪ್ರತಿ ಬಿರುಗಾಳಿಗೂ ಒಂದಿಷ್ಟು ಗೋಡೆ ಕುಸಿಯುತ್ತದೆ, ಹೊಸ ಪಳೆಯುಳಿಕೆಗಳು ಹೊರಬೀಳುತ್ತವೆ. ಇಂಗ್ಲೆಂಡಿನ ಲೈಮ್ ರೀಜಿಸ್‌ನಲ್ಲಿ ಮೇರಿ ಆ್ಯನಿಂಗ್ ಎಂಬ ಹುಡುಗಿ ತನ್ನ ಅಣ್ಣನೊಡನೆ 1811–12ರಲ್ಲಿ ಇಕ್ತಿಯೊಸಾರ್ ಎಂಬ ಕಡಲ ಸರೀಸೃಪದ ಅಸ್ಥಿಪಂಜರವನ್ನು ಕಂಡುಹಿಡಿದದ್ದು ಇಂಥ ಕುಸಿತಗಳಿಂದಲೇ. ಆ ತೀರ 2001ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು.

ಗಮನಿಸಬೇಕಾದ ವಿಷಯ ಇಲ್ಲಿದೆ. ದಂಡೆಗೆ ಬಿದ್ದ ಪಳೆಯುಳಿಕೆಯನ್ನು ಯಾರೂ ಎತ್ತಿಕೊಳ್ಳದಿದ್ದರೆ ಕ್ರಮೇಣ ಅಲೆ ಅದನ್ನು ಉಜ್ಜಿ ಸವೆಸುತ್ತದೆ. ಹಾಗಾಗಿ ಅಲ್ಲಿ ಬಿದ್ದದ್ದನ್ನು ಆರಿಸುವುದು ಒಂದು ಬಗೆಯ ರಕ್ಷಣೆ. ಆದರೂ ಗೋಡೆಯನ್ನು ಅಗೆಯುವಂತಿಲ್ಲ. ಕ್ಯಾಲ್ವರ್ಟ್ ಕ್ಲಿಫ್ಸ್‌ನಲ್ಲಿ ಕುಸಿತದ ಅಪಾಯದಿಂದಾಗಿ ಗೋಡೆಯ ಬುಡಕ್ಕೆ ಹೋಗುವುದನ್ನೇ ನಿಷೇಧಿಸಿದ್ದಾರೆ.

‘ಹಾಗಾದರೆ ನಮ್ಮ ಕರಾವಳಿಗೇ ಹೋದರಾಯಿತು’ ಎನ್ನುವಂತಿಲ್ಲ. ಕಡಲಿದ್ದರೆ ಸಾಲದು, ಅಂಚಿನಲ್ಲಿ ಪದರಶಿಲೆ ಇರಬೇಕು. ಕರ್ನಾಟಕದ ಕರಾವಳಿಯಲ್ಲಿ ಹೆಚ್ಚಾಗಿ ಕಾಣುವುದು ಪುರಾತನ ನೈಸ್ ಬಂಡೆ ಮತ್ತು ಮುರಕಲ್ಲು. ಮಲ್ಪೆಯ ಎದುರಿನ ಸೇಂಟ್ ಮೇರೀಸ್ ದ್ವೀಪದ ಕಂಬಗಳು ಸುಮಾರು 8.8 ಕೋಟಿ ವರ್ಷಗಳ ಹಿಂದಿನ ಲಾವಾ. ಅಲ್ಲೂ ಶಾರ್ಕ್ ಹಲ್ಲು ಹುಡುಕಿ ಫಲವಿಲ್ಲ. ಕಡಲ ಪಳೆಯುಳಿಕೆಗೆ ಹೆಸರಾದ ಹತ್ತಿರದ ಜಾಗ ತಮಿಳುನಾಡಿನ ಅರಿಯಲೂರು ಸೀಮೆ. ಅದು ಇಂದಿನ ಕಡಲ ದಂಡೆಯೇ ಅಲ್ಲ. ಸುಮಾರು 10 ಕೋಟಿ ವರ್ಷಗಳ ಹಿಂದೆ ಕಡಲ ತಳವಾಗಿದ್ದ ಒಳನಾಡು.

ಬಳ್ಳಾರಿಯ ಬಂಡೆಯಲ್ಲಿ ಏಕಿಲ್ಲ?

ಬಳ್ಳಾರಿಯ ಕೋಟೆಬೆಟ್ಟ, ಕುರುಗೋಡಿನ ಬೆಟ್ಟಸಾಲು, ತೆಕ್ಕಲಕೋಟೆಯ ಗುಡ್ಡ ಎಲ್ಲವೂ ಗ್ರಾನೈಟ್ ಮತ್ತು ಅದರ ಬಳಗದ ಶಿಲೆಗಳು. ಇವುಗಳಲ್ಲಿ ಪಳೆಯುಳಿಕೆ ಇಲ್ಲದಿರಲು ಎರಡು ಕಾರಣ.

ಮೊದಲನೆಯದು ಹುಟ್ಟು. ಗ್ರಾನೈಟ್ ನೆಲದಾಳದಲ್ಲಿ ಕರಗಿದ ಶಿಲಾರಸ ನಿಧಾನವಾಗಿ ತಣ್ಣಗಾಗಿ ಹರಳುಗಟ್ಟಿದ್ದು. ಕೆಸರೂ ಇಲ್ಲ, ಪದರವೂ ಇಲ್ಲ, ಆ ಬಿಸಿಯಲ್ಲಿ ಮೂಳೆ ಚಿಪ್ಪು ಉಳಿಯುವ ಮಾತೂ ಇಲ್ಲ. ಎರಡನೆಯದು ವಯಸ್ಸು. ಈ ಶಿಲೆಗಳಿಗೆ ಸುಮಾರು 250 ಕೋಟಿ ವರ್ಷ. ಡೈನೊಸಾರ್‌ಗಳು ಬಂದದ್ದು ಇಂದಿಗೆ ಸುಮಾರು 23 ಕೋಟಿ ವರ್ಷಗಳ ಹಿಂದೆ. ಬಳ್ಳಾರಿ ಬಂಡೆ ಗಟ್ಟಿಯಾದಾಗ ಭೂಮಿಯ ಮೇಲೆ ಪ್ರಾಣಿಯೂ ಇರಲಿಲ್ಲ, ಗಿಡವೂ ಇರಲಿಲ್ಲ. ಇದ್ದದ್ದು ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು ಮಾತ್ರ.

ಬೆಟ್ಟದ ಮೇಲೆ ಯಾರೋ ಜೋಡಿಸಿಟ್ಟಂತೆ ಕಾಣುವ ಗುಂಡುಗಲ್ಲುಗಳಿಗೂ ಇದೇ ಹುಟ್ಟು ಕಾರಣ. ನೆಲದೊಳಗಿದ್ದಾಗಲೇ ಗ್ರಾನೈಟ್‌ನಲ್ಲಿ ಅಡ್ಡ, ಉದ್ದ ಬಿರುಕುಗಳು ಬಿದ್ದವು. ಬಿರುಕಿಗೆ ಇಳಿದ ನೀರು ಅಂಚುಮೂಲೆಗಳನ್ನು ಮೊದಲು ಕೊಳೆಸಿತು. ಮೇಲಿನ ಮಣ್ಣು ಕೊಚ್ಚಿಹೋದ ಮೇಲೆ ಉಳಿದದ್ದು ಉರುಟಾದ ತಿರುಳು. ಕುರುಗೋಡಿನವರು ದೊಡ್ಡ ಬಸವನನ್ನು ಒಂದೇ ಕಲ್ಲಿನಲ್ಲಿ ಕಡೆಯಲು ಆದದ್ದು ಬಿರುಕಿಲ್ಲದ ಇಂಥ ತಿರುಳು ಇಲ್ಲಿ ಧಾರಾಳವಾಗಿ ಸಿಕ್ಕಿದ್ದರಿಂದ.

ಇಲ್ಲಿ ಕಡಲು ಇರಲೇ ಇಲ್ಲವೇ?

ಇತ್ತು. ನೋಡಬೇಕಾದರೆ ಪಕ್ಕದ ಸಂಡೂರಿನ ಬೆಟ್ಟಗಳತ್ತ ತಿರುಗಬೇಕು. ಅಲ್ಲಿಂದ ಲಾರಿಗಟ್ಟಲೆ ಹೊರಟ ಕಬ್ಬಿಣದ ಅದಿರಿನ ಮೂಲವೇ ಕಡಲು. ಸುಮಾರು 270 ಕೋಟಿ ವರ್ಷಗಳ ಹಿಂದೆ, ಕಬ್ಬಿಣ ಕರಗಿದ್ದ ಕಡಲನೀರಿನಿಂದ ಕಬ್ಬಿಣದ ಆಕ್ಸೈಡ್ ಮತ್ತು ಸಿಲಿಕ ಪದರಪದರವಾಗಿ ತಳಕ್ಕಿಳಿದವು. ಕೆಂಪು, ಕಪ್ಪು ಪಟ್ಟೆಪಟ್ಟೆಯ ಆ ಕಲ್ಲು ಆ ಕಡಲಿನ ದಾಖಲೆ.

ಸಂಡೂರಿನ ಇದೇ ಶಿಲಾಪಟ್ಟಿಯ ಕಾರ್ಬೊನೇಟ್ ಪದರಗಳಲ್ಲಿ ಸ್ಟ್ರೊಮ್ಯಾಟೊಲೈಟ್‌ಗಳನ್ನು ಭೂವಿಜ್ಞಾನಿಗಳು 1980ರ ದಶಕದಲ್ಲಿ ವರದಿ ಮಾಡಿದರು. ಇವು ಬಿಡಿ ಜೀವಿಯ ಪಳೆಯುಳಿಕೆಗಳಲ್ಲ. ಆಳವಿಲ್ಲದ ನೀರಿನಲ್ಲಿ ಸೂಕ್ಷ್ಮಜೀವಿಗಳು ಲೋಳೆಯ ಚಾಪೆಯಂತೆ ಹರಡಿಕೊಳ್ಳುತ್ತವೆ. ಅಂಟಿದ ಕಣಗಳ ಮೇಲೆ ಹೊಸ ಚಾಪೆ ಬೆಳೆಯುತ್ತದೆ. ಹೀಗೆ ಬೆಳೆದ ಪದರಗಳು ಗುಮ್ಮಟದಂತೆ, ಅಲೆಯಂತೆ ಕಲ್ಲಾಗುತ್ತವೆ. ಚಿತ್ರದುರ್ಗದ ಕಡೆ ಭೀಮಸಮುದ್ರ, ಮಾರಿಕಣಿವೆಯಲ್ಲೂ, ವಯಸ್ಸಿನಲ್ಲಿ ಕಿರಿಯದಾಗಿ ಬಾಗಲಕೋಟೆ ಸೀಮೆಯ ಲೋಕಾಪುರದ ಸುಣ್ಣಕಲ್ಲಿನಲ್ಲೂ ಇವು ಇವೆ. ಬಳ್ಳಾರಿಯ ಸುತ್ತ ‘ಕಡಲ ಪಳೆಯುಳಿಕೆ’ ಎಂದು ಕರೆಯಬಹುದಾದದ್ದು ಇದೊಂದೇ. ನೋಡುವವನಿಗೆ ಅದು ಮಡಿಸಿಟ್ಟ ಬಟ್ಟೆಯ ಅಂಚಿನಂತೆ ಕಾಣುತ್ತದೆ ಅಷ್ಟೆ.

ಕಣ್ಣಿಗೆ ಮೋಸ ಮಾಡುವ ಕಲ್ಲುಗಳು

ಪಳೆಯುಳಿಕೆ ಸಿಕ್ಕಿತು ಎಂದು ಹಂಚಿಕೆಯಾಗುವ ಚಿತ್ರಗಳನ್ನು ನೋಡುವಾಗ ಈ ನಾಲ್ಕನ್ನು ನೆನಪಿಟ್ಟುಕೊಳ್ಳುವುದು ಒಳ್ಳೆಯದು.

ಜರೀಗಿಡದ ಅಚ್ಚು: ಕಲ್ಲಿನ ಬಿರುಕಿನಲ್ಲಿ ಕಪ್ಪು ಎಲೆಯಂಥ ಚಿತ್ತಾರ. ಇದು ಗಿಡವಲ್ಲ. ಬಿರುಕಿಗೆ ಇಳಿದ ನೀರಿನಲ್ಲಿದ್ದ ಮ್ಯಾಂಗನೀಸ್ ಆಕ್ಸೈಡ್ ಕವಲೊಡೆಯುತ್ತಾ ಹರಳುಗಟ್ಟಿದ್ದು. ನಿಜವಾದ ಎಲೆಗೆ ನಡುನರ ಇರುತ್ತದೆ, ಇದಕ್ಕೆ ಇರುವುದಿಲ್ಲ.

ಮೂಳೆಯಂಥ ಬಿಳಿ ತುಂಡು: ಸಿರುಗುಪ್ಪದ ಎರೆಹೊಲಗಳಲ್ಲಿ ಉಳುವಾಗ ಮೇಲೆ ಬರುವ ಗಂಟುಗಂಟಾದ ಕಲ್ಲು ಸಾಮಾನ್ಯವಾಗಿ ಸುಣ್ಣದ ಗಂಟು. ಮಣ್ಣಿನ ನೀರು ಆರಿದಾಗ ಅದರಲ್ಲಿದ್ದ ಸುಣ್ಣ ಗಟ್ಟಿಯಾಗುತ್ತದೆ. ಬೇರಿನ ಸುತ್ತ ಗಟ್ಟಿಯಾದರೆ ಕೊಳವೆಯಂತೆ, ಮೂಳೆಯಂತೆ ಕಾಣುತ್ತದೆ.

ಡೈನೊಸಾರ್ ಮೊಟ್ಟೆ: ಈರುಳ್ಳಿಯಂತೆ ಸಿಪ್ಪೆ ಏಳುವ ದುಂಡುಕಲ್ಲು. ಮೇಲೆ ಹೇಳಿದ ಗುಂಡುಗಲ್ಲಿನ ಚಿಕ್ಕ ರೂಪ ಇದು. ಕರಿಕಲ್ಲಿನಲ್ಲಿ ಇದು ಬಹಳ ಸಾಮಾನ್ಯ.

ದೈತ್ಯನ ಹೆಜ್ಜೆ: ಬಂಡೆಯ ಮೇಲಿನ ಪಾದದಾಕಾರದ ಗುಳಿ. ನೀರು ನಿಂತು ನಿಂತು ಗ್ರಾನೈಟ್‌ನ ಹರಳುಗಳು ಸಡಿಲವಾಗಿ ಆದದ್ದು. ಗ್ರಾನೈಟ್ ಎಂದೂ ಕೆಸರಾಗಿರಲಿಲ್ಲವಾದ್ದರಿಂದ ಅದರ ಮೇಲೆ ಯಾರ ಹೆಜ್ಜೆಯೂ ಮೂಡಲಾರದು.

ಹಾಗಾದರೆ ಕಾಲಡಿಯಲ್ಲಿ ಇರುವುದೇನು?

ಬಳ್ಳಾರಿ ನಗರದಿಂದ ಕೆಲವೇ ಕಿಲೋಮೀಟರ್ ದೂರದಲ್ಲಿ ಸಂಗನಕಲ್ಲು, ಕುಪ್ಪಗಲ್ಲಿನ ಗುಡ್ಡಗಳಿವೆ. ಇಲ್ಲಿ ಗ್ರಾನೈಟ್ ಅನ್ನು ಸೀಳಿಕೊಂಡು ಡೋಲರೈಟ್ ಎಂಬ ಕರಿಕಲ್ಲಿನ ಗೋಡೆಯೊಂದು ಹಾದುಹೋಗಿದೆ. ನವಶಿಲಾಯುಗದ ಜನ ಈ ಕಲ್ಲನ್ನು ಒಡೆದು ಕೊಡಲಿ ಮಾಡುತ್ತಿದ್ದರು. ಹಿರೇಗುಡ್ಡದಲ್ಲಿ ಈ ಕೆಲಸ ಕಾರ್ಖಾನೆಯ ಮಟ್ಟದಲ್ಲಿ ನಡೆದಿತ್ತು. ಸುಮಾರು 3400 ವರ್ಷಗಳ ಹಿಂದೆ ಅದು ಉಚ್ಛ್ರಾಯದಲ್ಲಿತ್ತು. ಒಡೆದ ಚಕ್ಕೆಗಳು, ಅರ್ಧ ಮಾಡಿ ಬಿಟ್ಟ ಕೊಡಲಿಗಳು, ಕೊಡಲಿ ಮಸೆದು ಬಂಡೆಯ ಮೇಲೆ ಬಿದ್ದ ತೋಡುಗಳು ಇನ್ನೂ ಅಲ್ಲೇ ಇವೆ.

ಕರಿಕಲ್ಲಿನ ಬಂಡೆಗಳ ಮೇಲೆ ಡುಬ್ಬದ ಎತ್ತುಗಳ, ಮನುಷ್ಯರ ನೂರಾರು ಕುಟ್ಟುಚಿತ್ರಗಳಿವೆ. ಕೆಲವು ಬಂಡೆಗಳನ್ನು ಕಲ್ಲಿನಿಂದ ಬಡಿದರೆ ಗಂಟೆಯಂಥ ಸದ್ದು ಬರುತ್ತದೆ. ಇದರಲ್ಲಿ ಪವಾಡವಿಲ್ಲ. ಡೋಲರೈಟ್‌ನ ಹರಳುಗಳು ಒತ್ತಾಗಿ ಹೆಣೆದುಕೊಂಡಿರುತ್ತವೆ, ಬಿರುಕುಬಿಟ್ಟು ಬೇರ್ಪಟ್ಟ ಬಂಡೆ ಎರಡು ಮೂರು ಬಿಂದುಗಳ ಮೇಲಷ್ಟೇ ಕೂತಿರುತ್ತದೆ. ಹಾಗಾಗಿ ಕಂಪನ ನೆಲಕ್ಕೆ ಇಳಿದು ಸಾಯದೆ ಬಂಡೆಯಲ್ಲೇ ಉಳಿಯುತ್ತದೆ. ಎಲ್ಲಿ ಬಡಿದರೆ ಸದ್ದು ಚೆನ್ನ ಎಂಬುದು ಹಿಂದಿನವರಿಗೂ ಗೊತ್ತಿತ್ತು. ಅಲ್ಲೇ ಬಡಿದು ಬಡಿದು ಗುಳಿಗಳಾಗಿವೆ.

ಈ ಸೀಮೆಯ ಭೂವಿಜ್ಞಾನವನ್ನು 1895ರ ಗ್ರಂಥದಲ್ಲಿ ವಿವರಿಸಿದವರು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ರಾಬರ್ಟ್ ಬ್ರೂಸ್ ಫೂಟ್. 1940ರ ದಶಕದಲ್ಲಿ ಬಿ. ಸುಬ್ಬರಾವ್ ಸಂಗನಕಲ್ಲಿನಲ್ಲಿ ಉತ್ಖನನ ನಡೆಸಿದರು. 1960ರ ದಶಕದಲ್ಲಿ ಎಂ. ಎಸ್. ನಾಗರಾಜರಾವ್ ಸಿರುಗುಪ್ಪ ತಾಲ್ಲೂಕಿನ ತೆಕ್ಕಲಕೋಟೆಯ ಗುಡ್ಡದಲ್ಲಿ ಅಗೆದಾಗ ಬಂಡೆಗಳ ನಡುವೆ ಕಟ್ಟಿದ ಗುಡಿಸಲುಗಳ ನೆಲೆ ಮತ್ತು ಸಮಾಧಿಗಳು ಸಿಕ್ಕವು. ಈ ಶತಮಾನದ ಆರಂಭದಲ್ಲಿ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ರವಿ ಕೋರಿಶೆಟ್ಟರ್, ನಿಕೋಲ್ ಬೊವಿನ್, ಡೋರಿಯನ್ ಫುಲ್ಲರ್ ಮತ್ತಿತರರು ಸಂಗನಕಲ್ಲಿಗೆ ಮರಳಿದರು. ಅಗೆದ ಮಣ್ಣನ್ನು ನೀರಿಗೆ ಹಾಕಿದರೆ ಸುಟ್ಟು ಇದ್ದಿಲಾದ ಕಾಳುಗಳು ತೇಲುತ್ತವೆ. ಹಾಗೆ ತೇಲಿಬಂದ ಕಾಳುಗಳಲ್ಲಿ ಹುರುಳಿ, ಹೆಸರು, ಕೊರಲೆ ಇದ್ದವು. ಇಂದಿಗೂ ಈ ಕಡೆಯ ಅಡುಗೆಮನೆಯಲ್ಲಿರುವ ಕಾಳುಗಳು ಅವು.

ಬೂದಿದಿಬ್ಬ ವಾಲಿಯ ಚಿತೆಯೇ?

ಬಳ್ಳಾರಿ–ಹೊಸಪೇಟೆ ದಾರಿಯ ಕುಡಿತಿನಿಯಲ್ಲಿ, ಹಂಪಿಯ ಬಳಿಯ ನಿಂಬಾಪುರದಲ್ಲಿ ದೊಡ್ಡ ಬೂದಿದಿಬ್ಬಗಳಿವೆ. ನಿಂಬಾಪುರದ್ದನ್ನು ವಾಲಿಯನ್ನು ಸುಟ್ಟ ಜಾಗವೆಂದು ಜನ ನಂಬುತ್ತಾರೆ. ಕೆಲವರು ಇವನ್ನು ಜ್ವಾಲಾಮುಖಿಯ ಬೂದಿ ಎಂದರು, ಕೆಲವರು ಕುಲುಮೆಯ ಕಿಟ್ಟ ಎಂದರು. ಟಿ. ಜೆ. ನ್ಯೂಬೋಲ್ಡ್ 1843ರಲ್ಲಿ ಇವುಗಳ ಬಗ್ಗೆ ಬರೆದರು. ವಿಜಯನಗರದ ಇತಿಹಾಸ ಬರೆದ ರಾಬರ್ಟ್ ಸೀವೆಲ್ 1899ರಲ್ಲಿ, ಇವು ಸಾಮೂಹಿಕ ಸತಿಯ ಗುರುತಿರಬಹುದು ಎಂದು ಊಹಿಸಿದರು. ದನದ ದೊಡ್ಡಿಯ ಸಗಣಿ ಸುಟ್ಟದ್ದು ಎಂಬತ್ತ ಬೆರಳು ತೋರಿದವರು ಫೂಟ್.

ಕೊನೆಗೆ ಫೂಟ್ ಹೇಳಿದ್ದೇ ನಿಂತಿತು. 1957ರಲ್ಲಿ ಉತ್ನೂರಿನಲ್ಲಿ ಎಫ್. ಆರ್. ಆಲ್ಚಿನ್ ನಡೆಸಿದ ಉತ್ಖನನದಲ್ಲಿ ದೊಡ್ಡಿಯ ಬೇಲಿಯ ಕಂಬಕುಳಿಗಳೂ ದನದ ಗೊರಸಿನ ಗುರುತುಗಳೂ ಕಂಡವು. 1960ರಲ್ಲಿ ಎಫ್. ಇ. ಜ್ಯೂನರ್ ಬಳ್ಳಾರಿಯ ಬೂದಿ ಸಗಣಿಯದೇ ಎಂದು ಪ್ರಯೋಗಾಲಯದಲ್ಲಿ ತೋರಿಸಿದರು. ಹುಲ್ಲಿನಲ್ಲಿ ಗಾಜಿನ ಮೂಲವಸ್ತುವಾದ ಸಿಲಿಕ ಇರುತ್ತದೆ. ಸಗಣಿಯ ರಾಶಿ ಜೋರಾಗಿ ಉರಿದಾಗ ಅದು ಕರಗಿ ಕಿಟ್ಟದಂತೆ ಗಟ್ಟಿಯಾಗುತ್ತದೆ. ಜ್ವಾಲಾಮುಖಿ ಎಂದು ಜನ ಭ್ರಮಿಸಿದ್ದು ಇದನ್ನೇ. ಅಂದರೆ ಬೂದಿದಿಬ್ಬ ನಾಲ್ಕು ಸಾವಿರ ವರ್ಷಗಳ ಹಿಂದಿನ ದನಗಾಹಿಗಳು ಬಿಟ್ಟುಹೋದ ಗುರುತು.

ಒಂದು ಕಲ್ಲು ಎತ್ತಿಕೊಂಡರೆ ಏನು ನಷ್ಟ?

ಸಾವಿರಾರು ಚಕ್ಕೆಗಳಿರುವಲ್ಲಿ ಒಂದು ಹೋದರೇನು ಎಂದು ಅನ್ನಿಸಬಹುದು. ಆದರೆ ಪುರಾತತ್ವದಲ್ಲಿ ವಸ್ತುವಿಗಿಂತ ಅದು ಬಿದ್ದಿರುವ ಜಾಗ ಹೆಚ್ಚು ಮಾತಾಡುತ್ತದೆ. ದೊಡ್ಡ ಚಕ್ಕೆಗಳು ಒಂದೆಡೆ, ಚಿಕ್ಕವು ಇನ್ನೊಂದೆಡೆ ಇದ್ದರೆ ಒರಟು ಕೆಲಸ ಇಲ್ಲಿ, ನಯದ ಕೆಲಸ ಅಲ್ಲಿ ಎಂದು ತಿಳಿಯುತ್ತದೆ. ಅದರಿಂದ ಕೆಲಸ ಹಂಚಿಕೊಂಡ ರೀತಿ, ಕಲಿಯುವವನ ತಪ್ಪು, ಪಳಗಿದವನ ಕೈ ಎಲ್ಲವನ್ನೂ ಊಹಿಸಬಹುದು.

ಬಂದವರು ಒಯ್ಯುವುದು ಯಾವುದನ್ನು? ಅಂದವಾದದ್ದನ್ನು, ಪೂರ್ತಿಯಾದದ್ದನ್ನು. ಹತ್ತು ವರ್ಷ ಹೀಗೆ ನಡೆದರೆ ಗುಡ್ಡದಲ್ಲಿ ಒಡಕು ಮಾತ್ರ ಉಳಿಯುತ್ತದೆ. ಆಮೇಲೆ ಬಂದ ಸಂಶೋಧಕನಿಗೆ ಇಲ್ಲಿ ಕೊಡಲಿ ಪೂರ್ತಿ ಮಾಡುತ್ತಲೇ ಇರಲಿಲ್ಲವೇನೋ ಎಂದು ತೋರುತ್ತದೆ. ಮನೆಯ ಕಪಾಟಿಗೆ ಹೋದ ಕೊಡಲಿಯೂ ಎಲ್ಲಿಯದೆಂದು ಮರೆತು ಬರಿಯ ಕಲ್ಲಾಗುತ್ತದೆ. ಫೂಟ್ ಕೂಡ ಕಲ್ಲುಗಳನ್ನು ಸಂಗ್ರಹಿಸಿದರು ನಿಜ. ಆದರೆ ಎಲ್ಲಿ ಸಿಕ್ಕಿತು ಎಂದು ಬರೆದಿಟ್ಟರು, ಸಂಗ್ರಹ ಮದ್ರಾಸಿನ ಸರ್ಕಾರಿ ಮ್ಯೂಸಿಯಂ ಸೇರಿತು. ಅದಕ್ಕೇ ಅದು ಇಂದಿಗೂ ಉಪಯೋಗಕ್ಕೆ ಬರುತ್ತದೆ.

ಕಡಲ ದಂಡೆಯ ಹೋಲಿಕೆ ಇಲ್ಲಿ ಮುಗಿಯುತ್ತದೆ. ಅಲ್ಲಿ ಅಲೆ ಪ್ರತಿದಿನ ಹೊಸದನ್ನು ತರುತ್ತದೆ, ತಂದದ್ದನ್ನು ತಾನೇ ಅಳಿಸುತ್ತದೆ. ಹಿರೇಗುಡ್ಡದಲ್ಲಿ ಅಲೆ ಇಲ್ಲ. ಕುಶಲಕರ್ಮಿ ಚಕ್ಕೆ ಬೀಳಿಸಿದ ಜಾಗದ ಹತ್ತಿರವೇ ಅದು ಮೂರು ಸಾವಿರ ವರ್ಷ ಬಿದ್ದಿದೆ. ಹೊಸದು ಬರುವುದೂ ಇಲ್ಲ.

ಹವ್ಯಾಸಿಯ ಜೇಬಿಗಿಂತ ದೊಡ್ಡ ಅಪಾಯ ಕಲ್ಲುಗಣಿ. ಕುಪ್ಪಗಲ್ಲಿನ ಗುಡ್ಡದ ಕೆಲವು ಭಾಗಗಳಿಗೆ ಗಣಿಗಾರಿಕೆಯಿಂದ ಆಗಲೇ ಹಾನಿಯಾಗಿದೆ ಎಂದು ಬೊವಿನ್ 2004ರಲ್ಲೇ ಎಚ್ಚರಿಸಿದ್ದರು. ಜಲ್ಲಿಯಾದ ಬಂಡೆಯ ಮೇಲಿನ ಚಿತ್ರ ಮತ್ತೆ ಬರುವುದಿಲ್ಲ. ನೋಡಲು ಹೋಗುವ ಜನ ಹೆಚ್ಚಿದಷ್ಟೂ ಇಂಥ ಗುಡ್ಡಗಳ ಪರ ಮಾತಾಡುವವರು ಹೆಚ್ಚುತ್ತಾರೆ. ಹಾಗಾಗಿ ಹೋಗಬೇಡಿ ಎನ್ನುವುದು ನಮ್ಮ ಮಾತಲ್ಲ, ಬರಿಗೈಲಿ ಬನ್ನಿ ಎನ್ನುವುದಷ್ಟೇ.

ಕಾನೂನು ಏನು ಹೇಳುತ್ತದೆ?

ರಕ್ಷಿತ ತಾಣಗಳಲ್ಲಿ ಅನುಮತಿಯಿಲ್ಲದೆ ಅಗೆಯುವುದನ್ನು 1958ರ ಕೇಂದ್ರ ಕಾಯಿದೆ ನಿಷೇಧಿಸುತ್ತದೆ. ನೂರು ವರ್ಷಕ್ಕಿಂತ ಹಳೆಯ ಮಾನವನಿರ್ಮಿತ ವಸ್ತುಗಳ ಮಾರಾಟ ಮತ್ತು ರಫ್ತನ್ನು 1972ರ ಪುರಾತನ ವಸ್ತುಗಳ ಕಾಯಿದೆ ನಿಯಂತ್ರಿಸುತ್ತದೆ. ಮಣ್ಣಿನಲ್ಲಿ ಹುದುಗಿದ್ದ 10 ರೂಪಾಯಿಗೂ ಹೆಚ್ಚು ಬೆಲೆಯ ನಿಧಿ ಸಿಕ್ಕರೆ ಜಿಲ್ಲಾಧಿಕಾರಿಗೆ ತಿಳಿಸಬೇಕು ಎನ್ನುತ್ತದೆ 1878ರ ನಿಧಿ ಕಾಯಿದೆ. ಪಳೆಯುಳಿಕೆ ಮತ್ತು ಶಿಲಾತಾಣಗಳ ರಕ್ಷಣೆಗೆಂದು ಕೇಂದ್ರ ಸರ್ಕಾರ 2022ರಲ್ಲಿ ಪ್ರತ್ಯೇಕ ಮಸೂದೆಯ ಕರಡನ್ನು ಪ್ರಕಟಿಸಿತು.

ಹೋಗುವವರಿಗೆ ಕೆಲವು ಮಾತು

ನವೆಂಬರ್‌ನಿಂದ ಫೆಬ್ರವರಿ ತಕ್ಕ ಕಾಲ. ಬೇಸಿಗೆಯಲ್ಲಿ ಇಲ್ಲಿ 40 ಡಿಗ್ರಿ ದಾಟುವುದು ಸಾಮಾನ್ಯ, ಬರಿಬಂಡೆ ಗಾಳಿಗಿಂತಲೂ ಹೆಚ್ಚು ಕಾಯುತ್ತದೆ. ತಲೆಸುತ್ತು, ಓಕರಿಕೆ, ಬೆವರು ನಿಲ್ಲುವುದು ಕಂಡರೆ ನಡಿಗೆ ಅಲ್ಲಿಗೇ ನಿಲ್ಲಿಸಿ ನೆರಳಿಗೆ ಬಂದು, ಮೈ ತಣ್ಣಗೆ ಮಾಡಿ, ಆಸ್ಪತ್ರೆಗೆ ಹೋಗಬೇಕು. ಸಂಜೆ, ನಸುಕಿನಲ್ಲಿ ಬಂಡೆಗಳ ಸಂದಿಗೆ ಇಣುಕಬೇಡಿ. ಈ ಭಾಗದ ಕಲ್ಲುಗುಡ್ಡಗಳು ಕರಡಿ, ಚಿರತೆಗಳ ಮನೆ. ಪಕ್ಕದ ದರೋಜಿ ಕರಡಿಧಾಮ ಇರುವುದೂ ಇಂಥದೇ ಗುಡ್ಡಗಳಲ್ಲಿ. ಗಣಿಗುಂಡಿಯ ಅಂಚಿನಿಂದ ದೂರವಿರಿ.

ಸದ್ದು ಮಾಡುವ ಬಂಡೆಯನ್ನು ಬಡಿದು ನೋಡಬೇಡಿ, ಪ್ರತಿ ಪೆಟ್ಟೂ ಹಳೆಯ ಗುರುತನ್ನು ಸವೆಸುತ್ತದೆ. ಚಿತ್ರ ಎದ್ದು ಕಾಣಲೆಂದು ಸೀಮೆಸುಣ್ಣ, ನೀರು ಬಳಸಬೇಡಿ. ಬೆಳಗ್ಗೆ ಅಥವಾ ಸಂಜೆಯ ಓರೆಬಿಸಿಲಿನಲ್ಲಿ ಕುಟ್ಟುಚಿತ್ರ ತಾನಾಗಿ ಎದ್ದು ಕಾಣುತ್ತದೆ. ವಿಶೇಷವಾದದ್ದು ಕಂಡರೆ ಎತ್ತದೆ, ಪಕ್ಕದಲ್ಲಿ ನಾಣ್ಯವೊಂದನ್ನು ಅಳತೆಗಿಟ್ಟು ಫೋಟೊ ತೆಗೆಯಿರಿ, ಫೋನಿನಲ್ಲಿ ಸ್ಥಳ ಗುರುತಿಸಿ. ಆ ಫೋಟೊವನ್ನು ರಾಜ್ಯ ಪುರಾತತ್ವ ಇಲಾಖೆಗೋ ಬಳ್ಳಾರಿ ನಗರದಲ್ಲಿರುವ ರಾಬರ್ಟ್ ಬ್ರೂಸ್ ಫೂಟ್ ಸಂಗನಕಲ್ಲು ಪುರಾತತ್ವ ಸಂಗ್ರಹಾಲಯಕ್ಕೋ ತೋರಿಸಿದರೆ ನಿಮ್ಮ ನಡಿಗೆ ವಿಜ್ಞಾನಕ್ಕೂ ಉಪಯೋಗಕ್ಕೆ ಬರುತ್ತದೆ. ಗುಡ್ಡ ಹತ್ತುವ ಮೊದಲೇ ಈ ಸಂಗ್ರಹಾಲಯ ನೋಡುವುದು ಇನ್ನೂ ಒಳ್ಳೆಯದು. ಕೊಡಲಿ ಹೇಗಿರುತ್ತದೆ, ಚಕ್ಕೆ ಹೇಗಿರುತ್ತದೆ ಎಂದು ಒಮ್ಮೆ ಕಣ್ಣು ಪಳಗಿದರೆ, ಬರಿಯ ಕಲ್ಲುರಾಶಿ ಎಂದುಕೊಂಡಿದ್ದು ಯಾರೋ ದುಡಿದ ಅಂಗಳವಾಗಿ ಕಾಣಿಸತೊಡಗುತ್ತದೆ.